ಅಜ್ಜನ ಬುಲೆಟ್ ಪೊಲೀಸರದ್ದೇ?

ಪ್ರಶ್ನೆ: ಅಜ್ಜ ಹರಾಜಿನಲ್ಲಿ ಕೊಂಡ ಬುಲೆಟ್ ಮೊದಲು ಪೊಲೀಸ್ ಇಲಾಖೆಯದಾಗಿತ್ತಂತೆ. ಖಚಿತಪಡಿಸಿಕೊಳ್ಳುವುದು ಹೇಗೆ? ಮಾರಬಹುದೇ?

ಉತ್ತರ: ಮಾತು ನಿಜವಿರಬಹುದು. 1950ರ ದಶಕದಲ್ಲಿ ಭಾರತ ಸರ್ಕಾರ ಸೇನೆ, ಪೊಲೀಸರಿಗೆಂದು 350 ಸಿಸಿ ಬುಲೆಟ್ ತರಿಸಿತ್ತು. 1955ರಿಂದ ಮದ್ರಾಸಿನಲ್ಲೇ ಅದರ ತಯಾರಿಕೆಗೆ ಏರ್ಪಾಡಾಯಿತು. ಆದರೆ ಖಾಕಿ ಬಣ್ಣವನ್ನೋ ಸೈರನ್ನನ್ನೋ ನೋಡಿ ನಂಬಬೇಡಿ, ಅವನ್ನು ಯಾವ ಗ್ಯಾರೇಜಿನಲ್ಲಾದರೂ ಹಾಕಿಸಬಹುದು. ನಿಜವಾದ ಸಾಕ್ಷಿ ಕಾಗದದಲ್ಲಿದೆ. ಹಳೆಯ ಆರ್‌ಸಿ ಪುಸ್ತಕದಲ್ಲಿ ಮೊದಲ ಮಾಲೀಕರು ಯಾರು? ಹರಾಜಿನ ರಸೀದಿ ಅಜ್ಜನ ಟ್ರಂಕಿನಲ್ಲಿ ಉಳಿದಿದೆಯೇ? ಮೊದಲು ಅದನ್ನು ಹುಡುಕಿ.

ಆಮೇಲೆ ಗಾಡಿ. ಹ್ಯಾಂಡಲ್ ಕೂರುವ ಕೊಳವೆಯ ಮೇಲೆ ಚಾಸಿ ನಂಬರ್, ಸಿಲಿಂಡರ್ ಬುಡದಲ್ಲಿ ಎಂಜಿನ್ ನಂಬರ್ ಒತ್ತಿರುತ್ತಾರೆ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದು ಆರ್‌ಸಿ ಜೊತೆ ತಾಳೆ ನೋಡಿ. ಮರಳುಕಾಗದ ಮಾತ್ರ ಮುಟ್ಟಿಸಬೇಡಿ! ಅಂಕೆ ಸವೆದರೆ ಗಾಡಿಯ ಮೇಲೆ ಅನುಮಾನ ಹುಟ್ಟುತ್ತದೆ. ಟ್ಯಾಂಕ್ ಬಿಚ್ಚಿದರೆ ಅದರಡಿಯ ಫ್ರೇಮಿನಲ್ಲಿ ಮೂಲ ಬಣ್ಣ ಸಿಕ್ಕೀತು. ಹೊಸ ಪೇಂಟ್ ಬೇಡವೇ ಬೇಡ. ಸಂಗ್ರಾಹಕರು ಹಣ ಕೊಡುವುದು ಆ ಹಳತನಕ್ಕೇ.

ಮಾರಬಹುದು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು, ಮೂಲರೂಪದಲ್ಲೇ ಇದ್ದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ ಅರ್ಜಿ ಹಾಕಬಹುದು. ಈಗಾಗಲೇ ನೋಂದಣಿಯಿರುವ ಗಾಡಿಯ ಹಳೆಯ ನಂಬರೇ ಉಳಿಯುತ್ತದೆ. ಹಾಗೆ ನೋಂದಾಯಿಸಿದ ಗಾಡಿ ಮಾರಿದರೆ, ಕೊಂಡವರೂ ಮಾರಿದವರೂ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಹೆಸರು ವರ್ಗಾವಣೆ ಆಗದೆ ಕೀಲಿಕೈ ಕೊಡಬೇಡಿ.