ಸಮಾಜಶಾಸ್ತ್ರವೂ ಆರೋಗ್ಯಸೇವೆಯೂ

ರೋಗಿಗೆ ವೈದ್ಯನು ಬೇಕು, ಔಷಧವು ಬೇಕು. ಸಮಾಜಶಾಸ್ತ್ರವನ್ನು ಓದಿದವರಿಂದ ಅವನಿಗೆ ಆಗುವ ಉಪಕಾರವೇನು? ಪ್ರೌಢಶಾಲೆಯನ್ನು ಮುಗಿಸಿ ಮುಂದಿನ ವ್ಯಾಸಂಗಕ್ಕೆ ವಿಷಯವನ್ನು ಆರಿಸಿಕೊಳ್ಳಲು ಹೊರಟ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳುವುದುಂಟು. ಪ್ರಶ್ನೆಯು ಸಹಜವಾದುದೇ. ಇಂದು ಕೊಲ್ಕತ್ತವೆಂದು ಕರೆಯುವ ಕಲ್ಕತ್ತೆಯ ಸಮೀಪದಲ್ಲಿ 1971ರಲ್ಲಿ ನಡೆದ ಒಂದು ಸಂಗತಿಯನ್ನು ವಿಚಾರಮಾಡಿದರೆ ಇದಕ್ಕೆ ತಕ್ಕ ಉತ್ತರವು ದೊರೆಯುತ್ತದೆ.

ಈ ಮನುಷ್ಯನಿಗೆ ಬಂದಿರುವ ರೋಗ ಯಾವುದು, ಅದಕ್ಕೆ ಮದ್ದೇನು ಎಂದು ವೈದ್ಯಶಾಸ್ತ್ರವು ಕೇಳುತ್ತದೆ. ಈ ರೋಗ ಈ ಕೇರಿಗೇ ಏಕೆ ಬಂದಿತು? ಇಲ್ಲಿಯ ಜನ ಯಾವ ನೀರನ್ನು ಕುಡಿಯುತ್ತಾರೆ? ರೋಗಿಯ ಆರೈಕೆ ಮನೆಯಲ್ಲಿ ಯಾರ ಪಾಲಿಗೆ ಬೀಳುತ್ತದೆ? ಕೊಟ್ಟ ಮದ್ದನ್ನು ಜನ ನಂಬುತ್ತಾರೆಯೇ? ಇವು ಸಮಾಜಶಾಸ್ತ್ರದ ಪ್ರಶ್ನೆಗಳು. 1848ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಎಂಬಾತನನ್ನು ಸೈಲೀಸಿಯ ಪ್ರಾಂತದಲ್ಲಿ ಹರಡಿದ್ದ ಟೈಫಸ್ ಜ್ವರದ ವಿಚಾರಣೆಗಾಗಿ ಕಳುಹಿಸಿದರು. ಆತನು ಬರೆದುಕೊಟ್ಟ ವರದಿಯಲ್ಲಿ ಔಷಧಿಗಿಂತ ಮುಖ್ಯವಾಗಿದ್ದುದು ಅಲ್ಲಿಯ ಜನರಿಗೆ ವಿದ್ಯೆ, ಸ್ವಾತಂತ್ರ್ಯ, ಜೀವನೋಪಾಯಗಳು ಬೇಕೆಂಬ ಮಾತು.

ಈ ಶಾಸ್ತ್ರದ ವಿಷಯದಲ್ಲಿ ಕಲ್ಕತ್ತೆಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಬೋಧನೆಗೆ ಮೊದಲಲ್ಲೇ ಪ್ರೇರಣೆ ನೀಡಿದವರಲ್ಲಿ ಒಬ್ಬರಾದ ಬ್ರಜೇಂದ್ರನಾಥ ಶೀಲರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಅದೇ ದಶಕದ ಕೊನೆಯಲ್ಲಿ ಮೈಸೂರಿನಲ್ಲಿಯೂ ಈ ವಿಷಯದ ಪಾಠ ಆರಂಭವಾಯಿತು. ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಬಳಿಯ ಒಂದು ಹಳ್ಳಿಯಲ್ಲಿ ನೆಲಸಿ, ಜನರ ನಡುವೆ ಇದ್ದು, ನೋಡಿ ಕೇಳಿ ತಿಳಿಯುವುದೇ ಈ ಶಾಸ್ತ್ರದ ಮುಖ್ಯ ಮಾರ್ಗವೆಂಬುದನ್ನು ತೋರಿಸಿಕೊಟ್ಟರು.

ಇನ್ನು 1971ರ ಸಂಗತಿ. ಆ ವರ್ಷ ಪೂರ್ವ ಪಾಕಿಸ್ತಾನದಲ್ಲಿ, ಎಂದರೆ ಇಂದಿನ ಬಾಂಗ್ಲಾದೇಶದಲ್ಲಿ, ಯುದ್ಧ ನಡೆಯಿತು. ಸುಮಾರು ಒಂದು ಕೋಟಿ ಜನ ಗಡಿಯನ್ನು ದಾಟಿ ಭಾರತಕ್ಕೆ ಬಂದರು. ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಕಾಲರಾದಲ್ಲಿ ವಾಂತಿಭೇದಿಗಳಿಂದ ದೇಹದ ನೀರೂ ಲವಣವೂ ಹರಿದುಹೋಗುತ್ತವೆ. ಕರುಳಿನಿಂದ ಹೀಗೆ ನೀರನ್ನು ಹೊರಡಿಸುವುದು ರೋಗಾಣುವು ಉತ್ಪತ್ತಿಮಾಡುವ ಒಂದು ವಿಷವೆಂಬುದನ್ನು 1959ರಲ್ಲಿ ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ ಅವರು ಸಿದ್ಧಪಡಿಸಿದ್ದರು. ಕಳೆದುಹೋದ ನೀರನ್ನು ಬೇಗನೆ ತುಂಬಿಕೊಡದಿದ್ದರೆ ರೋಗಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇದಕ್ಕೆ ರಕ್ತನಾಳದ ಮೂಲಕ ಸಲೈನು ಕೊಡುವುದು ಆಗಿನ ಪದ್ಧತಿ.

ಗಡಿಯ ಬಳಿಯ ಬನಗಾಂವ್ ಊರಿನ ಆಸ್ಪತ್ರೆಗೆ ಡಾಕ್ಟರ್ ದಿಲೀಪ ಮಹಲನಬೀಸರು ಕಲ್ಕತ್ತೆಯಿಂದ ಜೂನ್ ತಿಂಗಳಲ್ಲಿ ಬಂದಾಗ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಸಲೈನು ಬಹುಬೇಗ ಮುಗಿಯುತ್ತ ಬಂದಿತು. ಅದನ್ನು ಕೊಡಬಲ್ಲ ತರಬೇತಾದ ಕೈಗಳೂ ಸಾಲದಾದವು. ಆಗ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆಸೋಡದಂತೆ ಪೊಟ್ಟಣಗಳನ್ನು ಕಟ್ಟಿಸಿ ತರಿಸಿದರು. ಗ್ಲೂಕೋಸು ಕರುಳಿನ ಒಳಪೊರೆಯ ಮೂಲಕ ಲವಣವನ್ನು ತನ್ನೊಡನೆ ಒಯ್ಯುತ್ತದೆ. ಲವಣವನ್ನು ನೀರು ಹಿಂಬಾಲಿಸುತ್ತದೆ. ಈ ದ್ರಾವಣವನ್ನು ನಲ್ಲಿಯಿದ್ದ ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳಿಗೆ ಕುಡಿಸುವ ಕೆಲಸವನ್ನು ಅವರವರ ಬಂಧುಗಳಿಗೇ ಒಪ್ಪಿಸಿದರು.

ಸೂಜಿಯಿಂದ ಕೊಡುವುದೇ ನಿಜವಾದ ಚಿಕಿತ್ಸೆಯೆಂದು ಅನೇಕರು ನಂಬಿದ್ದುದರಿಂದ ಮೊದಲಲ್ಲಿ ಅನುಮಾನವಿದ್ದಿತು. ಇದು ಬಾಯಿಂದ ಕುಡಿಯುವ ಸಲೈನೆಂದು ವಿವರಿಸಿ ಒಪ್ಪಿಸಬೇಕಾಯಿತು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಶುಶ್ರೂಷೆಯಾಯಿತು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು.

ಮಹಲನಬೀಸರು ಮಕ್ಕಳ ವೈದ್ಯರು, ಸಮಾಜಶಾಸ್ತ್ರಜ್ಞರಲ್ಲ. ಆದರೂ ಅಲ್ಲಿ ನಡೆದುದನ್ನು ಸಮಾಜಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಆ ಜನರನ್ನು ರೋಗಕ್ಕೆ ಒಡ್ಡಿದುದು ರೋಗಾಣುವೊಂದೇ ಅಲ್ಲ. ಯುದ್ಧ, ಮನೆ ಬಿಟ್ಟು ಬಂದ ದುರವಸ್ಥೆ, ಇಕ್ಕಟ್ಟು, ಕೆಟ್ಟ ನೀರು ಇವೆಲ್ಲವೂ ಸೇರಿ ಒಡ್ಡಿದವು. ಅಂತೆಯೇ ಅವರನ್ನು ಉಳಿಸಿದುದು ಪೊಟ್ಟಣವೊಂದೇ ಅಲ್ಲ. ಲೋಟವನ್ನು ಹಿಡಿದು ಪಕ್ಕದಲ್ಲಿ ಕುಳಿತ ತಾಯಿ, ಅಕ್ಕ, ಅಣ್ಣಂದಿರು. ಅವರ ಹೆಸರು ಯಾವ ಆಸ್ಪತ್ರೆಯ ಸಿಬ್ಬಂದಿಯ ಪಟ್ಟಿಯಲ್ಲಿಯೂ ಇರಲಿಲ್ಲ.

ಮದ್ದು ದೊರೆತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದಕ್ಕೆ ಬಾಂಗ್ಲಾದೇಶದ ಮುಂದಿನ ಅನುಭವವೇ ಸಾಕ್ಷಿ. ಅಲ್ಲಿಯ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ 1990ರವರೆಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ಚಿಟಿಕೆ ಉಪ್ಪು, ಹಿಡಿ ಬೆಲ್ಲಗಳಿಂದ ಇಂತಹ ನೀರನ್ನು ಮಾಡುವ ಕ್ರಮವನ್ನು ತಾಯಂದಿರಿಗೆ ಕಲಿಸಿದರು. ತಾಯಂದಿರು ಕಲಿತರು, ಆದರೆ ಬಳಸಿದವರು ಮೊದಲಲ್ಲಿ ಕಡಿಮೆ. ಏಕೆಂದು ವಿಚಾರಿಸಿದಾಗ, ಕಲಿಸುವ ಕಾರ್ಯಕರ್ತೆಯರಲ್ಲಿ ಹಲವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲವೆಂದೂ, ಮನೆಯ ಗಂಡಸರಿಗೆ ಯಾರೂ ವಿಷಯ ತಿಳಿಸಿರಲಿಲ್ಲವೆಂದೂ ಗೊತ್ತಾಯಿತು. ಬಳಿಕ ಸಂತೆಗಳಲ್ಲಿ, ಮಸೀದಿಗಳಲ್ಲಿ ಗಂಡಸರೊಡನೆಯೂ ಮಾತನಾಡಿದರು, ಬಳಕೆಯು ಹೆಚ್ಚಿತು. ಇಲ್ಲಿ ತೊಡಕನ್ನು ಬಿಡಿಸಿದುದು ಹೊಸ ಔಷಧವಲ್ಲ, ಜನರ ಬಾಳನ್ನು ಕುರಿತ ತಿಳಿವಳಿಕೆ.

ಪ್ರಪಂಚದ ಬದಲಾವಣೆಯನ್ನೂ ಈ ದೃಷ್ಟಿಯಿಂದ ಅರಿಯಬಹುದು. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ವ್ಯಾಪಾರಿಗಳೊಡನೆ, ಸೈನ್ಯಗಳೊಡನೆ ದೂರದೇಶಗಳಿಗೆ ಹೋಯಿತು. ಬನಗಾಂವ್‌ನಲ್ಲಿ ಪರೀಕ್ಷೆಗೆ ನಿಂತು ಗೆದ್ದ ಪರಿಹಾರವೂ ಅದೇ ಬಂಗಾಳದಿಂದ ಲೋಕಕ್ಕೆಲ್ಲ ಹರಡಿತು. ಮಹಲನಬೀಸರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು. ಆದರೂ ಲೋಕದಲ್ಲಿ ಪ್ರತಿವರ್ಷ ಲಕ್ಷಾಂತರ ಎಳೆಯ ಮಕ್ಕಳು ಭೇದಿಯಿಂದ ಇನ್ನೂ ಸಾಯುತ್ತಿದ್ದಾರೆ. ಕೆಲವೇ ರೂಪಾಯಿಗಳ ಪೊಟ್ಟಣವು ಆ ಮನೆಗಳಿಗೆ ತಲುಪದಿರುವುದೇಕೆ? ಇದು ವೈದ್ಯರೊಬ್ಬರೇ ಉತ್ತರಿಸಬಹುದಾದ ಪ್ರಶ್ನೆಯಲ್ಲ.

ನಮ್ಮ ದೇಶದಲ್ಲಿ 2005ರಿಂದ ಆಶಾ ಕಾರ್ಯಕರ್ತೆಯರು ಆಸ್ಪತ್ರೆಗೂ ಮನೆಗೂ ನಡುವಣ ಸೇತುವೆಯಾಗಿದ್ದಾರೆ. 2020ರ ಕೋವಿಡ್ ಕಾಲದಲ್ಲಿ ಅವರು ಮನೆಮನೆಗೆ ನಡೆದುಹೋದುದನ್ನು ನಾವು ಕಂಡಿದ್ದೇವೆ. ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಇಷ್ಟು ಬೇಕಾದ ಕೆಲಸಕ್ಕೆ ಇಷ್ಟು ಕಡಿಮೆ ಬೆಲೆಯೇಕೆ ಎಂದು ಕೇಳುವುದೂ ಸಮಾಜಶಾಸ್ತ್ರದ ಅಭ್ಯಾಸವೇ.

ವಿದ್ಯಾರ್ಥಿಗಳೇ, ನೀವು ಮುಂದೆ ವೈದ್ಯರಾಗಿರಿ, ದಾದಿಯರಾಗಿರಿ, ಬೇರೆ ಯಾವ ವೃತ್ತಿಯನ್ನೇ ಹಿಡಿಯಿರಿ. ಈ ದೃಷ್ಟಿಯನ್ನು ಇಂದಿನಿಂದಲೇ ಬೆಳೆಸಿಕೊಳ್ಳಬಹುದು. ನಿಮ್ಮ ಬೀದಿಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಯಾರ ಮನೆಗೆ ಬರುವುದಿಲ್ಲ ಎಂಬುದನ್ನು ವಿಚಾರಿಸಿ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ರಾತ್ರಿ ಎದ್ದಿರುವವರು ಯಾರು, ಅವರು ಬಿಟ್ಟ ಕೆಲಸವನ್ನು ಮಾಡುವವರು ಯಾರು ಎಂಬುದನ್ನು ಗಮನಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ಹಾಗೆ ಬರೆದ ಹತ್ತು ಪುಟಗಳು ನಿಮಗೆ ಈ ಶಾಸ್ತ್ರದ ಮೊದಲ ಪಾಠವಾಗುವುವು.