ಕಾರಿನ ಗ್ಲಾಸು ಮೇಲೆ ಬರುತ್ತಿಲ್ಲವೇ? ಸೆಟ್ ಬದಲಿಸುವ ಮೊದಲು ಶಬ್ದ ಕೇಳಿ

ದಾರಿಯಲ್ಲಿ ಪರಿಚಯದವರು ಕಂಡರೆಂದು ಗ್ಲಾಸು ಇಳಿಸಿ ಸಲಾಂ ಹೇಳಿದ್ದು, ಆಮೇಲೆ ಸ್ವಿಚ್ ಎಷ್ಟು ಎಳೆದರೂ ಗ್ಲಾಸು ಮೇಲೆ ಬಾರದ್ದು. ಪವರ್ ವಿಂಡೋ ಕೈಕೊಡುವುದು ಹೆಚ್ಚಾಗಿ ಹೀಗೆಯೇ. ಬೇಸಗೆಯಲ್ಲಾದರೆ ನಾಲ್ಕು ದಿನ ಹಾಗೇ ಓಡಿಸಬಹುದು. ವರ್ಷಕ್ಕೆ 3 ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕಾಸರಗೋಡು ಜಿಲ್ಲೆಯಲ್ಲಿ, ಅದೂ ಜೂನ್-ಜುಲೈಯಲ್ಲಿ, ಒಂದು ರಾತ್ರಿ ಸಾಕು. ಸೀಟು ಒದ್ದೆ, ಸ್ವಿಚ್ ಒದ್ದೆ, ಕಾರಿನೊಳಗೆ ವಾರಗಟ್ಟಲೆ ಹೋಗದ ಮುಗ್ಗು ವಾಸನೆ. ಈ ಗಡಿಬಿಡಿಯಲ್ಲೇ "ಮೋಟಾರ್ ಹೋಗಿದೆ, ಸೆಟ್ಟೇ ಬದಲಿಸ್ಬೇಕು" ಎಂಬ ಮಾತಿಗೆ ಮಾಲೀಕರು ತಲೆಯಾಡಿಸಿ ಬಿಡುವುದು. ಸಾವಿರಗಟ್ಟಲೆ ಬಿಲ್ ಕಟ್ಟಿದ ಮೇಲೆ ಹಳೆಯ ಮೋಟಾರ್ ಸರಿಯೇ ಇತ್ತು ಎಂದು ಗೊತ್ತಾಗುವುದೂ ಉಂಟು.

ಡೋರಿನೊಳಗೆ ಇರುವುದು ಅಂಥ ದೊಡ್ಡ ಯಂತ್ರವೇನಲ್ಲ. 12 ವೋಲ್ಟಿನ ಒಂದು ಸಣ್ಣ ಮೋಟಾರ್, ಅದು ತಿರುಗಿದಾಗ ಗ್ಲಾಸನ್ನು ಎತ್ತಿ ಇಳಿಸುವ ರೆಗ್ಯುಲೇಟರ್, ಗ್ಲಾಸು ಜಾರಲಿಕ್ಕೆ ಎರಡೂ ಬದಿಯಲ್ಲಿ ರಬ್ಬರ್ ಚಾನೆಲ್. ಈಗಿನ ಹೆಚ್ಚಿನ ಕಾರುಗಳ ರೆಗ್ಯುಲೇಟರ್ ಅಂದರೆ ಸೈಕಲ್ ಬ್ರೇಕಿನಂಥ ತೆಳು ಉಕ್ಕಿನ ಕೇಬಲ್ ಮತ್ತು ಪ್ಲಾಸ್ಟಿಕ್ ರಾಟೆ, ಅಷ್ಟೇ. ಕೆಲವು ಕಾರುಗಳಲ್ಲಿ ಕತ್ತರಿಯಂತೆ ತೆರೆದು ಮುಚ್ಚುವ ಕಬ್ಬಿಣದ ಕೈಗಳಿರುತ್ತವೆ. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಡೋರ್ ಬಿಚ್ಚದೆಯೇ ಸುಮಾರಾಗಿ ಹೇಳಬಹುದು. ಇಂಜಿನ್ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಸ್ವಿಚ್ ಒತ್ತಿ ಡೋರಿಗೆ ಕಿವಿಗೊಟ್ಟರೆ ಆಯಿತು.

ಯಾವ ಶಬ್ದವೂ ಇಲ್ಲವಾದರೆ ಮೊದಲು ನೋಡಬೇಕಾದ್ದು ಡ್ರೈವರ್ ಬದಿಯ ಸ್ವಿಚ್‌ಗಳ ಪಕ್ಕದಲ್ಲಿರುವ ಲಾಕ್ ಬಟನ್. ಮಕ್ಕಳು ಆಟವಾಡುತ್ತಾ ಅದನ್ನು ಒತ್ತಿಬಿಟ್ಟರೆ ಹಿಂದಿನ ಗ್ಲಾಸುಗಳು ತಮ್ಮ ಸ್ವಿಚ್‌ನಿಂದ ಓಡುವುದೇ ಇಲ್ಲ. ತಮಾಷೆಯಲ್ಲ, ಇಷ್ಟಕ್ಕೇ ವರ್ಕ್‌ಶಾಪಿಗೆ ಹೋದವರಿದ್ದಾರೆ. ನಾಲ್ಕೂ ಗ್ಲಾಸು ಒಟ್ಟಿಗೆ ನಿಂತಿದ್ದರೆ ಫ್ಯೂಸ್ ನೋಡಬೇಕು. ಯಾವ ಫ್ಯೂಸ್ ಎಂಬುದು ಕಾರಿನ ಮ್ಯಾನುವಲ್‌ನಲ್ಲಿ ಇರುತ್ತದೆ. ಸಾಮಾನ್ಯವಾಗಿ 20 ಆಂಪಿಯರ್‌ನದ್ದು ಹಳದಿ, 30ರದ್ದು ಹಸಿರು. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಬೇಕು. ದೊಡ್ಡದು ಹಾಕುವುದು, ತಂತಿ ಸುತ್ತುವುದು ಕಾರಿಗೆ ಬೆಂಕಿ ಹಚ್ಚುವ ದಾರಿ. ಹೊಸ ಫ್ಯೂಸ್ ಕೂಡ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ, ಅಲ್ಲಿಂದ ಮುಂದಿನದು ಆಟೊ ಎಲೆಕ್ಟ್ರಿಷಿಯನ್‌ನ ಕೆಲಸ.

ಒಂದೇ ಗ್ಲಾಸು ನಿಂತಿದ್ದರೆ ಇನ್ನೊಂದು ಪರೀಕ್ಷೆ ಇದೆ. ಕಾರಿನೊಳಗಿನ ಲೈಟ್ ಹಾಕಿ ಸ್ವಿಚ್ ಒತ್ತುವುದು. ಲೈಟ್ ಸ್ವಲ್ಪ ಮಂದವಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಆದರೆ ತಿರುಗಲು ಆಗುತ್ತಿಲ್ಲ. ಮಂದವಾಗದಿದ್ದರೆ ಕರೆಂಟೇ ತಲಪುತ್ತಿಲ್ಲ ಎಂಬ ಸಂಶಯ ಸ್ವಿಚ್ ಅಥವಾ ವಯರ್ ಮೇಲೆ. ಹಿಂದಿನ ಎರಡು ಡೋರುಗಳ ಸ್ವಿಚ್ ಹೆಚ್ಚಾಗಿ ಒಂದೇ ರೀತಿಯದ್ದು. ಸರಿ ಇರುವ ಬದಿಯದ್ದನ್ನು ತಂದು ಕೆಟ್ಟ ಬದಿಗೆ ಹಾಕಿ ನೋಡಿದರೆ ಖರ್ಚಿಲ್ಲದೆ ಉತ್ತರ ಸಿಗ್ತದೆ. ಸ್ವಿಚ್ ಒತ್ತಿ ಹಿಡಿದು ಡೋರ್ ಪ್ಯಾಡಿಗೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟಾಗ ಗ್ಲಾಸು ಅಲುಗಿದರೆ ಮಾತ್ರ ಮೋಟಾರಿನ ಕಾರ್ಬನ್ ಸವೆದಿದೆ ಎನ್ನಬಹುದು. ಡೋರು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯಲ್ಲಿ ವಯರ್ ತುಂಡಾಗುವುದೂ ಇದೆ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚುವ ಡ್ರೈವರ್ ಡೋರಿನಲ್ಲೇ ಇದು ಹೆಚ್ಚು.

ಗರ್ ಎಂದು ಮೋಟಾರ್ ತಿರುಗುತ್ತದೆ, ಗ್ಲಾಸು ಕದಲುವುದಿಲ್ಲ. ಹೀಗಿದ್ದರೆ ಮೋಟಾರ್ ಸರಿ ಇದೆ. ಕೇಬಲ್ ತುಂಡಾಗಿದೆ, ಇಲ್ಲವೇ ಗ್ಲಾಸನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಕೆಲವು ಕಾರುಗಳಿಗೆ ರೆಗ್ಯುಲೇಟರ್ ಮಾತ್ರ ಬೇರೆ ಸಿಗುತ್ತದೆ, ಕೆಲವಕ್ಕೆ ಮೋಟಾರಿನೊಂದಿಗೇ ಬರುತ್ತದೆ. ಅಂಗಡಿಯಲ್ಲಿ ಕೇಳದೆ ಸೆಟ್‌ಗೆ ಒಪ್ಪಬಾರದು.

ಮೂರನೆಯದು ಗ್ಲಾಸು ಏದುಸಿರು ಬಿಡುತ್ತಾ ಏರುವುದು, ಅರ್ಧಕ್ಕೆ ನಿಲ್ಲುವುದು. ನಮ್ಮ ಕಡೆ ಇದಕ್ಕೆ ಒಂದು ವಿಶೇಷ ಕಾರಣ ಇದೆ. ಗಲ್ಫ್‌ನಲ್ಲಿರುವವರ ಕಾರು ವರ್ಷದಲ್ಲಿ ಹತ್ತು ತಿಂಗಳು ಮನೆಯ ಶೆಡ್‌ನಲ್ಲಿ ಮಲಗಿರುತ್ತದೆ. ಮನೆಯವರು ವಾರಕ್ಕೊಮ್ಮೆ ಇಂಜಿನ್ ಸ್ಟಾರ್ಟ್ ಮಾಡ್ತಾರೆ, ಗ್ಲಾಸು ಮುಟ್ಟುವುದಿಲ್ಲ. ಧೂಳು, ತೇವ, ಪಾಚಿ ಸೇರಿ ರಬ್ಬರ್ ಚಾನೆಲ್ ಗ್ಲಾಸಿಗೆ ಅಂಟಿಕೊಳ್ಳುತ್ತದೆ. ರಜೆಗೆ ಬಂದವರು ಮೊದಲ ದಿನವೇ ಸ್ವಿಚ್ ಒತ್ತಿ ಹಿಡಿದರೆ ಮೋಟಾರ್ ಬಿಸಿಯಾಗಿ ನಿಲ್ಲುತ್ತದೆ. ಅನೇಕ ಮೋಟಾರುಗಳಲ್ಲಿ ಬಿಸಿಯಾದಾಗ ತಾನೇ ಕಡಿತವಾಗುವ ರಕ್ಷಣೆ ಇದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಅದನ್ನು "ಸುಟ್ಟು ಹೋಯಿತು" ಅಂತ ಬಿಚ್ಚಿಸುವುದು ಸುಮ್ಮನೆ ನಷ್ಟ. ಇದಕ್ಕೆ ಮದ್ದು ಒದ್ದೆ ಬಟ್ಟೆಯಿಂದ ಚಾನೆಲ್ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯುವುದು. ತೆಂಗಿನೆಣ್ಣೆ, ಗ್ರೀಸ್, ಇಂಜಿನ್ ಆಯಿಲ್ ಬೇಡ. ಧೂಳು ಹಿಡಿಯುತ್ತದೆ, ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬುವುದೂ ಇದೆ. ಕಾರು ನೋಡಿಕೊಳ್ಳುವ ತಮ್ಮನಿಗೋ ಅಳಿಯನಿಗೋ ಇಂಜಿನ್ ಜೊತೆ ನಾಲ್ಕೂ ಗ್ಲಾಸು ಒಮ್ಮೆ ಇಳಿಸಿ ಏರಿಸಲು ಹೇಳಿಟ್ಟರೆ ಈ ರಗಳೆಯೇ ಕಮ್ಮಿ.

ಮಳೆ ಬಂತು, ರಿಪೇರಿಗೆ ಸಮಯ ಇಲ್ಲ ಅಂತಾದರೆ ಇಬ್ಬರು ಬೇಕು. ಒಬ್ಬರು ಸ್ವಿಚ್ ಮೇಲಕ್ಕೆ ಎಳೆದು ಹಿಡಿಯುವುದು, ಇನ್ನೊಬ್ಬರು ಎರಡು ಅಂಗೈಗಳ ನಡುವೆ ಗ್ಲಾಸನ್ನು ಒತ್ತಿ ಮೇಲೆ ತರುವುದು. ಬಂದರೆ ಕೂಡಲೇ ಅಗಲ ಟೇಪ್‌ನಿಂದ ಡೋರಿನ ಚೌಕಟ್ಟಿಗೆ ಅಂಟಿಸಬೇಕು. ಇಕ್ಕುಳದಿಂದ ಎಳೆಯುವುದು ಬೇಡ. ಡೋರಿನದ್ದು ಹೆಚ್ಚಾಗಿ ಟಫನ್ಡ್ ಗ್ಲಾಸು, ಅಂಚಿಗೆ ಪೆಟ್ಟು ಬಿದ್ದರೆ ಪೂರ್ತಿ ಪುಡಿಯಾಗಿ ಮಡಿಲಿಗೆ ಬೀಳುತ್ತದೆ.

ಡೋರ್ ಪ್ಯಾಡ್ ಬಿಚ್ಚುವುದು ಕಷ್ಟವಲ್ಲ, ಅವಸರ ಇರಬಾರದು. ಮೊದಲು ಗ್ಲಾಸು ಟೇಪ್ ಹಾಕಿ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಕೈ ಒಳಗಿರುವಾಗ ಯಾರಾದರೂ ಸ್ವಿಚ್ ಒತ್ತಿದರೆ ಬೆರಳು ಹೋದೀತು. ಸ್ಕ್ರೂಗಳು ಹಿಡಿಕೆಯ ಒಳಗೆ, ಲಿವರ್ ಹಿಂದೆ ಸಣ್ಣ ಮುಚ್ಚಳದಡಿ ಅಡಗಿರುತ್ತವೆ. ಉಳಿದದ್ದು ಪ್ಲಾಸ್ಟಿಕ್ ಕ್ಲಿಪ್. ಒಳಗಿನ ತಗಡಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಬೇಕೇ ಬೇಕು. ಹಳದಿ ಕನೆಕ್ಟರ್ ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು, ಏರ್‌ಬ್ಯಾಗ್ ವ್ಯವಸ್ಥೆಗೆ ಸೇರಿದ್ದಿರಬಹುದು.

ಪ್ಯಾಡ್ ಹಿಂದೆ ಕಪ್ಪು ಅಂಟಿನಿಂದ ಕೂರಿಸಿದ ಪ್ಲಾಸ್ಟಿಕ್ ಶೀಟ್ ಇರುತ್ತದೆ. ರಿಪೇರಿಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಗ್ಲಾಸಿನ ಬದಿಯಿಂದ ಡೋರಿನೊಳಗೆ ಮಳೆನೀರು ಇಳಿಯುವುದು ಸಹಜ. ಅದು ಅಡಿಯ ತೂತುಗಳಿಂದ ಹೊರಹೋಗಬೇಕು. ಶೀಟ್ ಹರಿದು ಬಿಸಾಡಿದರೆ ಆ ನೀರು ಕಾರಿನ ಮ್ಯಾಟಿಗೆ ಬರುತ್ತದೆ, ಗ್ಲಾಸು ಸರಿಯಾದ ಕಾರು ಒಳಗಿನಿಂದ ಕೊಳೆಯುತ್ತದೆ. ನಿಧಾನಕ್ಕೆ ಬಿಡಿಸಿ ಅದನ್ನೇ ಮತ್ತೆ ಅಂಟಿಸಬೇಕು. ಡೋರ್ ತೆರೆದಿರುವಾಗಲೇ ಅಡಿಯ ತೂತುಗಳಿಗೆ ಕಡ್ಡಿ ಹಾಕಿ ಕೆಸರು, ಎಲೆಚೂರು ತೆಗೆದುಬಿಡಬೇಕು. ನೀರು ನಿಂತ ಡೋರಿನಲ್ಲಿ ಹೊಸ ಮೋಟಾರೂ ಬಾಳುವುದಿಲ್ಲ.

ಹಳೆ ಕಾರಿಗೆ ಗುಜರಿಯಿಂದ ಪಾರ್ಟ್ ತರುವುದು ತಪ್ಪಲ್ಲ. ಎಡ-ಬಲ, ಮುಂದೆ-ಹಿಂದೆ ಬೇರೆ ಬೇರೆ. ಕನೆಕ್ಟರಿನ ಪಿನ್‌ಗಳ ಲೆಕ್ಕವೂ ಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗುವುದು ಲೇಸು.

ಪ್ಯಾಡ್ ಮುಚ್ಚುವ ಮೊದಲು ಬ್ಯಾಟರಿ ಜೋಡಿಸಿ, ಟೇಪ್ ತೆಗೆದು, ಗ್ಲಾಸು ನಾಲ್ಕೈದು ಸಲ ಓಡಿಸಿ ನೋಡಬೇಕು. ಒಂದೇ ಸಲ ಒತ್ತಿದರೆ ತಾನೇ ಏರುವ ಗ್ಲಾಸಿರುವ ಕಾರುಗಳಲ್ಲಿ ಬ್ಯಾಟರಿ ತೆಗೆದ ಮೇಲೆ ಅದು ಮರೆತುಹೋಗಬಹುದು. ಹಲವು ಕಾರುಗಳಲ್ಲಿ ಗ್ಲಾಸು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದು ಹಿಡಿದರೆ ನೆನಪು ಮರಳುತ್ತದೆ, ನಿಖರ ಕ್ರಮ ಮ್ಯಾನುವಲ್‌ನಲ್ಲಿದೆ. ಅಡ್ಡ ಸಿಕ್ಕಿದಾಗ ಗ್ಲಾಸು ಹಿಂದೆ ಸರಿಯುವ ವ್ಯವಸ್ಥೆ ಇದ್ದರೆ ಅದನ್ನೂ ಪರೀಕ್ಷಿಸಿದ ಮೇಲೆಯೇ ಮಕ್ಕಳನ್ನು ಹತ್ತಿಸಬೇಕು. ಪರೀಕ್ಷೆಗೆ ಸುರುಳಿ ಸುತ್ತಿದ ಹಳೆ ಪೇಪರ್ ಸಾಕು, ಕೈ ಇಡುವುದು ಬೇಡ.