ಆಫೀಸಿಗೊಂದು ಒಳ್ಳೆ ಲೆದರ್ ಬ್ಯಾಗು

ಆಸೆಪಟ್ಟು ಕೊಂಡ ಲೆದರ್ ಬ್ಯಾಗು
ಎರಡೇ ವರ್ಷಕ್ಕೆ ಸಿಪ್ಪೆ ಸಿಪ್ಪೆಯಾಗಿ ಏಳೋದು ಯಾಕೆ?

ಅದು ಬಹುಶಃ ಬಾಂಡೆಡ್ ಲೆದರ್.
ಚರ್ಮದ ಚೂರುಗಳನ್ನ ಪುಡಿ ಮಾಡಿ,
ಅಂಟು ಹಾಕಿ ಒತ್ತಿ,
ಮೇಲೊಂದು ಪ್ಲಾಸ್ಟಿಕ್ ಪದರ ಕೊಟ್ಟಿರ್ತಾರೆ.
ಮರದ ಹೊಟ್ಟು ಒತ್ತಿ ಮಾಡಿದ ಹಲಗೆ ಇರುತ್ತಲ್ಲ,
ಥೇಟ್ ಹಾಗೇ.

ಅಂಗಡೀಲಿ ನೀವು ಕೇಳಬೇಕಾದ್ದು ಫುಲ್ ಗ್ರೇನ್.
ಚರ್ಮದ ಮೇಲ್ಪದರ,
ಉಜ್ಜದೆ ಹಾಗೇ ಉಳಿಸಿಕೊಂಡದ್ದು.
ನಾರುಗಳು ಅಲ್ಲಿ ಒತ್ತೊತ್ತಾಗಿರುತ್ವೆ,
ಅದಕ್ಕೇ ಗಟ್ಟಿ.
ಸಣ್ಣಪುಟ್ಟ ಗೀರು ಕಂಡ್ರೆ ಬೇಡ ಅನ್ಬೇಡಿ.
ಎಲ್ಲ ಕಡೆ ಒಂದೇ ಅಚ್ಚಿನ ಗೆರೆ ಇದ್ರೆ,
ಆಗ ಅನುಮಾನಪಡಿ.

‘ಜೆನ್ಯೂಯಿನ್ ಲೆದರ್’ ಅನ್ನೋ ಚೀಟಿ ಸಾಲದು.
ಅದು ಚರ್ಮ ಅಂತಷ್ಟೇ ಹೇಳುತ್ತೆ,
ಎಂಥ ಚರ್ಮ ಅಂತ ಹೇಳಲ್ಲ.

ಈಗ ಹಿಡಿ ನೋಡಿ.
ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ,
ಎಲ್ಲದರ ಭಾರ ಬೀಳೋದು ಹಿಡಿಯ ಬುಡಕ್ಕೆ.
ಅಲ್ಲಿ ಹೊಲಿಗೆ ಜೊತೆ ರಿವೆಟ್ ಇದ್ರೆ ಒಳ್ಳೇದು.
ಬರೀ ಅಂಟಾದ್ರೆ ಬಿಟ್ಟುಬಿಡಿ.
ಖಾಲಿ ಬ್ಯಾಗೇ ಭಾರ ಅನ್ನಿಸ್ತಾ?
ಬಸ್ಸಲ್ಲಿ ನಿಂತು ಹೋಗೋರಿಗೆ ಅದು ಬೇಡವೇ ಬೇಡ.

ಮಳೇಲಿ ನೆನೆದ್ರೆ,
ಒಣಬಟ್ಟೇಲಿ ಒತ್ತಿ ಒರೆಸಿ,
ನೆರಳಲ್ಲೇ ಆರಿಸಿ.
ಹೇರ್ ಡ್ರೈಯರ್ ಮಾತ್ರ ಹಿಡೀಬೇಡಿ,
ಬಿಸಿಗೆ ಚರ್ಮ ಬಿರುಕು ಬಿಡುತ್ತೆ.